ಫ್ರಾಂಕೋನಿಯಾ ರಿಡ್ಜ್: ಪಾರ್ಕಿಂಗಲ್ಲಿ ಒಂದು ಋತು, ಬೆಟ್ಟದ ಬೆನ್ನ ಮೇಲೆ ಇನ್ನೊಂದು

ಬಾಸ್ಟನ್ ಕಡೆಯ ಕನ್ನಡದವರು ನನ್ನ ಚಾರಣದ ಗುಂಪಿಗೆ ಹೆಸರು ಕೊಡುವ ಮೊದಲು ಕೇಳುವುದು ಒಂದೇ ಪ್ರಶ್ನೆ: ಎತ್ತರ ಎಷ್ಟು? ನಾವು ಹೋಗುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಫ್ರಾಂಕೋನಿಯಾ ರಿಡ್ಜ್‌ಗೆ. ರಿಡ್ಜ್ ಅಂದರೆ ಬೆಟ್ಟಸಾಲಿನ ಬೆನ್ನು. ಅದರ ಅತಿ ಎತ್ತರದ ಜಾಗ ಮೌಂಟ್ ಲಫಾಯೆಟ್. ಅದು ಸುಮಾರು 1,600 ಮೀಟರ್ ಅಂದ ಕೂಡಲೇ ಅವರಿಗೆ ಧೈರ್ಯ ಬರುತ್ತದೆ. ಕುಮಾರಪರ್ವತವೇ 1,712 ಮೀಟರ್, ಅದನ್ನು ಕಾಲೇಜಿನಲ್ಲಿದ್ದಾಗಲೇ ಹತ್ತಿ ಇಳಿದಾಗಿದೆ. ಮುಳ್ಳಯ್ಯನಗಿರಿ 1,930. ಈಶಾನ್ಯ ಅಮೆರಿಕದ ಅತಿ ಎತ್ತರದ ಶಿಖರ ಮೌಂಟ್ ವಾಷಿಂಗ್ಟನ್ ಕೂಡ 1,917 ಮೀಟರ್ ಅಷ್ಟೇ, ಮುಳ್ಳಯ್ಯನಗಿರಿಗಿಂತ ತುಸು ಗಿಡ್ಡ.

ಲೆಕ್ಕ ಸರಿ. ಆದರೆ ಈ ಬೆಟ್ಟಗಳನ್ನು ಮೀಟರಿನಲ್ಲಿ ಅಳೆದು ಪ್ರಯೋಜನವಿಲ್ಲ. ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್ ಇರುವುದು 44 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ 1,300–1,400 ಮೀಟರ್ ದಾಟಿದರೆ ಮರ ಬೆಳೆಯುವುದಿಲ್ಲ. ಮರ ನಿಲ್ಲುವ ಆ ಗೆರೆಗೆ ಚಾರಣಿಗರು ಟ್ರೀಲೈನ್ ಅನ್ನುತ್ತಾರೆ. ಅದರ ಮೇಲೆ ಗಾಳಿಗೆ ಅಡ್ಡ ಅಂತ ಏನೂ ಇಲ್ಲ. ಮೌಂಟ್ ವಾಷಿಂಗ್ಟನ್ ತುದಿಯಲ್ಲಿ ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿ ದಾಖಲಾದದ್ದು 1934ರ ಏಪ್ರಿಲ್ 12ರಂದು. ಏಪ್ರಿಲ್, ಗಮನಿಸಿ. ಕೆಳಗಿನ ಊರುಗಳಲ್ಲಿ ವಸಂತ ಬಂತು ಅನ್ನುವ ಹೊತ್ತು.

ಹಾಗಾಗಿ ನಾನು ಎಲ್ಲರಿಗೂ ಮೊದಲು ಹೇಳುವುದು ಇಷ್ಟು. ಕಾರು ನಿಲ್ಲಿಸಿದ ಜಾಗದ ಋತು ನೋಡಿ ಬ್ಯಾಗ್ ಕಟ್ಟಬೇಡಿ, ಮೇಲೆ ಯಾವ ಋತು ನಡೀತಿದೆ ನೋಡಿ. ರಿಡ್ಜ್ ದಾಟುವುದೋ ಬೇಡವೋ ಎಂಬ ಕೊನೆಯ ತೀರ್ಮಾನವನ್ನು ಕೊನೆಯ ಮರಗಳ ಹತ್ತಿರ ನಿಂತು ಮಾಡಿ. ಪಾರ್ಕಿಂಗಲ್ಲಿ ಮಾಡಿದರೆ ತೀರಾ ಬೇಗ, ಶಿಖರದಲ್ಲಿ ಮಾಡಿದರೆ ತೀರಾ ತಡ.

ದಾರಿ ಗೊತ್ತಿಲ್ಲದವರಿಗೆ ಎರಡು ಮಾತು. ಬಾಸ್ಟನ್‌ನಿಂದ ಇಂಟರ್‌ಸ್ಟೇಟ್ 93ರಲ್ಲಿ ಉತ್ತರಕ್ಕೆ ಎರಡು ಗಂಟೆಗೂ ಸ್ವಲ್ಪ ಜಾಸ್ತಿ ಹೊತ್ತು ಹೋದರೆ ಫ್ರಾಂಕೋನಿಯಾ ನಾಚ್ ಎಂಬ ಕಣಿವೆ ಸಿಗುತ್ತದೆ. ಅಲ್ಲಿಂದ ಫಾಲಿಂಗ್ ವಾಟರ್ಸ್ ಟ್ರೇಲ್ ಹಿಡಿದು, ಜಲಪಾತಗಳ ಪಕ್ಕದಲ್ಲೇ ಹತ್ತಿ, ಲಿಟಲ್ ಹೇಸ್ಟ್ಯಾಕ್ ಎಂಬ ತುದಿಗೆ ಬರಬೇಕು. ಅಲ್ಲಿಂದ ಉತ್ತರಕ್ಕೆ ಮೌಂಟ್ ಲಿಂಕನ್, ಆಮೇಲೆ ಲಫಾಯೆಟ್. ಈ ಮಧ್ಯದ 2.7 ಕಿಲೋಮೀಟರ್ ಪೂರ್ತಿ ಬೋಳು. ಇದೇ ರಿಡ್ಜ್, ಪೂರ್ವ ಅಮೆರಿಕದ ಉದ್ದಕ್ಕೂ ಸಾಗುವ ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿಯ ಒಂದು ತುಣುಕು. ಲಫಾಯೆಟ್‌ನಿಂದ ಪಶ್ಚಿಮಕ್ಕೆ ಇಳಿದರೆ ಗ್ರೀನ್‌ಲೀಫ್ ಹಟ್ ಎಂಬ ಚಾರಣಿಗರ ತಂಗುಮನೆ, ಅಲ್ಲಿಂದ ಓಲ್ಡ್ ಬ್ರೈಡಲ್ ಪಾತ್ ಹಿಡಿದು ವಾಪಸ್ ಕಾರಿಗೆ. ಒಟ್ಟು 14 ಕಿಲೋಮೀಟರ್ ಚಿಲ್ಲರೆ, ಏರು ಸುಮಾರು 1,200 ಮೀಟರ್.

ಆ 2.7 ಕಿಲೋಮೀಟರ್ ಬಗ್ಗೆ ಒಂದು ವಿಷಯ ಚೆನ್ನಾಗಿ ತಲೆಯಲ್ಲಿಟ್ಟುಕೊಳ್ಳಿ. ಲಿಟಲ್ ಹೇಸ್ಟ್ಯಾಕ್ ಬಿಟ್ಟ ಮೇಲೆ ಲಫಾಯೆಟ್ ಮುಟ್ಟುವವರೆಗೆ ಪಶ್ಚಿಮಕ್ಕೆ ಇಳಿಯುವ ದಾರಿ ಒಂದೂ ಇಲ್ಲ. ಪೂರ್ವಕ್ಕೆ ಇಳಿದರೆ ಪೆಮಿಜೆವಾಸೆಟ್ ಕಾಡು, ಮೈಲುಗಟ್ಟಲೆ ರಸ್ತೆ ಸಿಗುವುದಿಲ್ಲ. ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮ, ವಾಯವ್ಯದಿಂದ. ರಿಡ್ಜ್ ಇರುವುದು ಉತ್ತರ ದಕ್ಷಿಣವಾಗಿ. ಅಂದರೆ ಗಾಳಿ ನೇರ ಪಕ್ಕೆಗೆ ಹೊಡೆಯುತ್ತದೆ. ಬೆನ್ನಿಗೆ ಗಾಳಿ ಕೊಟ್ಟು ಇಳಿಯೋಣ ಅನ್ನುವ ದಣಿದ ಮನುಷ್ಯ ತನಗೇ ಗೊತ್ತಿಲ್ಲದೆ ಪೂರ್ವಕ್ಕೆ, ಆ ಕಾಡಿನ ಕಡೆಗೆ ಇಳಿಯುತ್ತಾನೆ. ಮಂಜು ಕವಿದಾಗ ದಿಕ್ಸೂಚಿ ಕೈಯಲ್ಲಿರಬೇಕು ಅನ್ನುವುದು ಇದಕ್ಕೇ.

ಚಳಿಗಾಲದಿಂದ ಶುರು ಮಾಡುತ್ತೇನೆ, ಕಲಿಯುವುದು ಜಾಸ್ತಿ ಇರುವುದು ಅಲ್ಲೇ.

ಚಳಿಗಾಲದಲ್ಲಿ ಹೊಸಬರನ್ನು ನಾನು ಪೂರ್ತಿ ಸುತ್ತು ಹಾಕಿಸುವುದಿಲ್ಲ. ಓಲ್ಡ್ ಬ್ರೈಡಲ್ ಪಾತ್‌ನಲ್ಲೇ ಹತ್ತಿ, ಅದರಲ್ಲೇ ಇಳಿಯುತ್ತೇವೆ. ಫಾಲಿಂಗ್ ವಾಟರ್ಸ್ ದಾರಿಯಲ್ಲಿ ನೀರು ಹರಿದಲ್ಲೆಲ್ಲ ಗಟ್ಟಿ ಮಂಜುಗಡ್ಡೆ ಕಟ್ಟಿರುತ್ತದೆ. ಹತ್ತುವುದು ಹೇಗೋ ಆಗುತ್ತದೆ, ಇಳಿಯುವುದು ಬೇಡವೇ ಬೇಡ. ಬ್ರೈಡಲ್ ಪಾತ್‌ನ ಇನ್ನೊಂದು ಲಾಭ ಏನೆಂದರೆ ತೀರ್ಮಾನ ಮಾಡಲು ಒಳ್ಳೆಯ ಜಾಗ ಸಿಗುತ್ತದೆ. ಗ್ರೀನ್‌ಲೀಫ್ ಹಟ್ ಸರಿಯಾಗಿ ಮರ ಮುಗಿಯುವ ಕಡೆ, ಸುಮಾರು 1,285 ಮೀಟರಿನಲ್ಲಿದೆ. ಚಳಿಗಾಲದಲ್ಲಿ ಅದಕ್ಕೆ ಬೀಗ. ಆದರೂ ಗಾಳಿ ತಾಕದ ಒಂದು ಗೋಡೆ ಸಿಗುತ್ತದೆ, ಅಷ್ಟು ಸಾಕು.

ಸ್ನೋಶೂ ಅಂದರೆ ಹಿಮದಲ್ಲಿ ನಡೆಯಲು ಬೂಟಿನ ಅಡಿಗೆ ಕಟ್ಟಿಕೊಳ್ಳುವ ಅಗಲವಾದ ಚೌಕಟ್ಟು. ಅದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಅದನ್ನು ಹಾಕಿದರೆ ಹಿಮದ ಮೇಲೆ ತೇಲುತ್ತೇವೆ ಅಂದುಕೊಳ್ಳುತ್ತಾರೆ. ಹೊಸ ಹಿಮದಲ್ಲಿ ಸ್ನೋಶೂ ಹಾಕಿದರೂ ಕಾಲು ಹೂತೇ ಹೂಳುತ್ತದೆ, ಆದರೆ ತೊಡೆವರೆಗೆ ಹೋಗುವುದು ಮೊಣಕಾಲ ಕೆಳಗೇ ನಿಲ್ಲುತ್ತದೆ. ಭಾರ ದೊಡ್ಡ ಜಾಗಕ್ಕೆ ಹಂಚಿಹೋಗುತ್ತದೆ, ಅಷ್ಟೇ ಅದರ ಕೆಲಸ. ಬೆಟ್ಟಕ್ಕೆ ತರುವ ಸ್ನೋಶೂಗೆ ಅಡಿಯಲ್ಲಿ ಉಕ್ಕಿನ ಹಲ್ಲು ಇರಬೇಕು, ಹಿಮ್ಮಡಿಯ ಕೆಳಗೆ ಎತ್ತಿ ನಿಲ್ಲಿಸುವ ತಂತಿ ಇರಬೇಕು. ಬ್ರೈಡಲ್ ಪಾತ್‌ನಲ್ಲಿ ಹಟ್‌ಗೆ ಮುಂಚೆ ಒಂದರ ಮೇಲೊಂದು ಕಡಿದಾದ ದಿಬ್ಬಗಳು ಬರುತ್ತವೆ. ಇಲ್ಲಿನವರು ಅವಕ್ಕೆ 'ಅಗೊನೀಸ್' (ಯಾತನೆಗಳು) ಅಂತಲೇ ಹೆಸರಿಟ್ಟಿದ್ದಾರೆ. ಅಲ್ಲಿ ಆ ತಂತಿ ಎತ್ತಿಕೊಂಡರೆ ಮೀನಖಂಡದ ನೋವು ಅರ್ಧಕ್ಕರ್ಧ ಕಡಿಮೆ. ಎತ್ತದೆ ಹತ್ತಿದವರು ಮಾರನೆಯ ದಿನ ಮೆಟ್ಟಿಲು ಇಳಿಯಲು ಒದ್ದಾಡುತ್ತಾರೆ.

ಯಾವಾಗ ಹಾಕಬೇಕು? ಬೂಟು ಪಾದದ ಗಂಟಿಗಿಂತ ಮೇಲೆ ಹೂಳಲು ಶುರುವಾದ ಕೂಡಲೇ. "ಇನ್ನು ಸ್ವಲ್ಪ ದೂರ ಹೀಗೇ ಹೋಗೋಣ" ಅನ್ನುವವರು ದಾರಿಯುದ್ದಕ್ಕೂ ಗುಂಡಿ ತೋಡುತ್ತಾ ಹೋಗುತ್ತಾರೆ. ರಾತ್ರಿ ಆ ಗುಂಡಿಗಳು ಕಲ್ಲಿನಂತೆ ಗಟ್ಟಿಯಾಗುತ್ತವೆ. ಬೆಳಿಗ್ಗೆ ಬರುವವರ ಕಾಲು ಉಳುಕುವುದು ಅದರಲ್ಲೇ. ಸ್ನೋಶೂ ಹಾಕುವುದು ನಮ್ಮ ಅನುಕೂಲಕ್ಕೆ ಮಾತ್ರ ಅಲ್ಲ, ಹಿಂದೆ ಬರುವವರ ದಾರಿ ಉಳಿಸುವುದಕ್ಕೂ ಹೌದು. ಈ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ಟ್ರೀಲೈನ್ ಮುಟ್ಟಿದ ಮೇಲೆ ಸ್ನೋಶೂ ಕೆಲಸ ಹೆಚ್ಚಾಗಿ ಮುಗಿಯುತ್ತದೆ. ಮೇಲೆ ಗಾಳಿ ಹಿಮವನ್ನು ನಿಲ್ಲಲು ಬಿಡುವುದಿಲ್ಲ. ಉಳಿಯುವುದು ಬೋಳು ಕಲ್ಲು, ಅದರ ಮೇಲೆ ಮಂಜುಗಡ್ಡೆ. ಅಲ್ಲಿಗೆ ಬೂಟಿಗೆ ಕಟ್ಟುವ ಉದ್ದ ಉಕ್ಕಿನ ಮುಳ್ಳುಗಳ ಕ್ರಾಂಪಾನ್ ಬೇಕು, ಇಲ್ಲವೇ ಕಡೇಪಕ್ಷ ಸಣ್ಣ ಮುಳ್ಳುಗಳ ಮೈಕ್ರೋಸ್ಪೈಕ್ಸ್. ಬಿಚ್ಚಿದ ಸ್ನೋಶೂಗಳನ್ನು ಬ್ಯಾಗಿಗೆ ಬಿಗಿಯಾಗಿ, ಬೆನ್ನಿಗೆ ಒತ್ತಿಕೊಂಡಂತೆ ಕಟ್ಟಿ. ಸಡಿಲವಾಗಿ ಅಗಲಕ್ಕೆ ಚಾಚಿಕೊಂಡಿದ್ದರೆ ಪಕ್ಕದ ಗಾಳಿ ಅದನ್ನೇ ಹಿಡಿದು ಮನುಷ್ಯನನ್ನು ತಿರುಗಿಸಿಬಿಡುತ್ತದೆ.

ಇನ್ನು ಸ್ಪ್ರೂಸ್ ಟ್ರ್ಯಾಪ್. ಟ್ರೀಲೈನ್ ಹತ್ತಿರದ ಸ್ಪ್ರೂಸ್ ಮರಗಳು ಕುಳ್ಳು, ಎದೆಮಟ್ಟ, ತಲೆಮಟ್ಟ. ಹಿಮ ಬಿದ್ದು ಅವು ಮುಚ್ಚಿಹೋಗುತ್ತವೆ. ಮೇಲಿನಿಂದ ನೋಡಿದರೆ ನುಣ್ಣನೆಯ ಬಿಳಿ ಬಯಲು. ಆದರೆ ಕೊಂಬೆಗಳ ಅಡಿಯಲ್ಲಿ ಹಿಮ ತುಂಬಿರುವುದಿಲ್ಲ, ಟೊಳ್ಳು. ದಾರಿ ಬಿಟ್ಟು ಎರಡು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಸೊಂಟದವರೆಗೆ ಒಳಗೆ. ಸ್ನೋಶೂ ಕೆಳಗಿನ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ಮೇಲಿನ ಹಿಮ ಕುಸಿದು ಅದರ ಮೇಲೆ ಕೂರುತ್ತದೆ. ಎಳೆದಷ್ಟೂ ಬಿಗಿ. ಆಗ ಕಾಲು ಎಳೆಯಬಾರದು. ಬ್ಯಾಗ್ ಬಿಚ್ಚಿ ಮುಂದೆ ಹಾಕಿ, ಅದರ ಮೇಲೆ ಮೈಚಾಚಿ ಭಾರ ಹಂಚಬೇಕು, ಕೈಯಿಂದ ಹಿಮ ತೋಡಿ ಪಟ್ಟಿ ಬಿಚ್ಚಬೇಕು. ಜೊತೆಗೊಬ್ಬರಿದ್ದರೆ ಐದು ನಿಮಿಷದ ಕೆಲಸ. ಒಂಟಿಯಾಗಿದ್ದರೆ ಮೈಯ ಬಿಸಿ, ದಿನದ ಬೆಳಕು ಎರಡೂ ಅಲ್ಲೇ ಖರ್ಚಾಗುತ್ತವೆ.

ಚಳಿಗಿಂತ ಮೊದಲ ಶತ್ರು ಬೆವರು. ಕೆಳಗೆ ಕಾಡಿನಲ್ಲಿ ಗಾಳಿಯಿಲ್ಲ, ಏರು ಜೋರು, ಜಾಕೆಟ್ ಹಾಕಿಕೊಂಡೇ ಹತ್ತಿದರೆ ಒಳಗೆಲ್ಲ ಒದ್ದೆ. ಆ ಒದ್ದೆ ಬಟ್ಟೆಯಲ್ಲಿ ಮರ ದಾಟಿ ಹೊರಗೆ ಬಂದರೆ ಏನಾಗುತ್ತದೆ ನೋಡಿ. ಮೈನಸ್ 15 ಡಿಗ್ರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 30ರಷ್ಟು. ಮುಚ್ಚದ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು. ಲಿಟಲ್ ಹೇಸ್ಟ್ಯಾಕ್ ಕಡೆಯಿಂದ ಉತ್ತರಕ್ಕೆ ನಡೆಯುವವರ ಎಡಗೆನ್ನೆ ಮೊದಲು ಬೆಳ್ಳಗಾಗುತ್ತದೆ, ಅವರಿಗೆ ಗೊತ್ತೂ ಆಗುವುದಿಲ್ಲ. ಅದಕ್ಕೇ ಇಬ್ಬಿಬ್ಬರ ಜೋಡಿ ಮಾಡಿ, ಆಗಾಗ ಒಬ್ಬರ ಮುಖ ಇನ್ನೊಬ್ಬರು ನೋಡಲು ಹೇಳುತ್ತೇನೆ. ಹೊರಡುವಾಗ ಸ್ವಲ್ಪ ಚಳಿ ಆಗುತ್ತಿರಬೇಕು, ಅದೇ ಸರಿಯಾದ ಬಟ್ಟೆ. ಕಾಟನ್ ಬನಿಯನ್, ಜೀನ್ಸ್ ಎರಡೂ ಮನೆಯಲ್ಲಿರಲಿ.

ನೀರಿನ ಬಾಟಲಿ ತಲೆಕೆಳಗಾಗಿ ಇಡಿ, ಮೇಲ್ಭಾಗ ಮೊದಲು ಹೆಪ್ಪುಗಟ್ಟುವುದರಿಂದ ಮುಚ್ಚಳ ತೆರೆಯಲು ಬರುತ್ತದೆ. ಪೈಪಿನಲ್ಲಿ ಹೀರುವ ನೀರಿನ ಚೀಲ ತರಲೇಬೇಡಿ. ಫೋನು ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ದಿಢೀರ್ ಕೈಕೊಡುತ್ತದೆ. ಚಿಕ್ಕಿಯನ್ನು ಮನೆಯಲ್ಲೇ ಸಣ್ಣ ತುಂಡು ಮಾಡಿ ತನ್ನಿ. ಥರ್ಮಾಸಿನಲ್ಲಿ ಬಿಸಿ ಸಾರು ತಂದವರ ಸುತ್ತ ಅಮೆರಿಕದವರೂ ಸೇರಿಕೊಳ್ಳುತ್ತಾರೆ!

ಹಟ್‌ನ ಗೋಡೆ ಮರೆಯಲ್ಲಿ ಎಲ್ಲರನ್ನೂ ನಿಲ್ಲಿಸುತ್ತೇನೆ. ಒಣ ಬಟ್ಟೆ, ಗಾಗಲ್ಸ್, ಮುಖ ಮುಚ್ಚುವ ಟೋಪಿ, ದಪ್ಪ ಕೈಗವಸು ಎಲ್ಲ ಅಲ್ಲೇ ಏರಬೇಕು. ಮೇಲೆ ಹೋಗಿ ಹಾಕಿಕೊಳ್ಳುತ್ತೇನೆ ಅಂದರೆ ಆಗದು, ಬರಿಗೈ ಮಾಡಿದ ನಿಮಿಷದಲ್ಲಿ ಬೆರಳು ಮಾತು ಕೇಳುವುದಿಲ್ಲ. ಆಮೇಲೆ ಲಫಾಯೆಟ್ ಕಡೆ ನೋಡುತ್ತೇವೆ. ತುದಿಯಿಂದ ಪೂರ್ವಕ್ಕೆ ಹಿಮದ ಬಾಲ ಎದ್ದು ಹಾರುತ್ತಿದ್ದರೆ ಅಲ್ಲಿಗೆ ಸಾಕು. ದಾರಿ ತೋರಿಸುವ ಕಲ್ಲುಗುಪ್ಪೆಗಳಲ್ಲಿ ಮುಂದಿನದು ಕಾಣದಿದ್ದರೂ ಸಾಕು. ಎರಡೂ ಸರಿ ಇದ್ದು, ಗಡಿಯಾರ ಮಧ್ಯಾಹ್ನ ದಾಟಿರದಿದ್ದರೆ ಮುಂದೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ನಾಲ್ಕೂಕಾಲರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಹೆಡ್‌ಲ್ಯಾಂಪ್ ಇಲ್ಲದವರನ್ನು ನಾನು ಪಾರ್ಕಿಂಗಲ್ಲೇ ವಾಪಸ್ ಕಳಿಸುತ್ತೇನೆ.

ವಸಂತ ಎಲ್ಲಕ್ಕಿಂತ ಮೋಸದ ಕಾಲ. ಏಪ್ರಿಲ್ ಕೊನೆಯಲ್ಲಿ ಬಾಸ್ಟನ್‌ನಲ್ಲಿ ಹೂ ಬಿಟ್ಟಿರುತ್ತದೆ, ಟ್ರೇಲ್ ಶುರುವಿನಲ್ಲಿ ಒಣ ಎಲೆ, ಹದ ಬಿಸಿಲು. ಸ್ನೋಶೂ ಕಾರಿನಲ್ಲೇ ಬಿಡೋಣ ಅಂತ ಎಲ್ಲರಿಗೂ ಅನಿಸುತ್ತದೆ, ಅಲ್ವಾ? ಒಂದು ಗಂಟೆ ಹತ್ತಿದರೆ ದಾರಿಯ ನಡುವೆ ಉದ್ದಕ್ಕೂ ಹಿಮದ ಒಂದು ದಿಂಡು. ಚಳಿಗಾಲವಿಡೀ ತುಳಿದು ಗಟ್ಟಿಯಾದ ಹಿಮ ಕೊನೆಗೆ ಕರಗುತ್ತದೆ, ಪಕ್ಕದ್ದು ಮೊದಲು ಕರಗುತ್ತದೆ. ಇಲ್ಲಿನವರು ಇದಕ್ಕೆ ಮೊನೊರೈಲ್ ಅನ್ನುತ್ತಾರೆ. ಬೆಳಿಗ್ಗೆ ಅದರ ಮೇಲೆ ಸ್ಪೈಕ್ಸ್ ಹಾಕಿ ಆರಾಮಾಗಿ ನಡೆಯಬಹುದು. ಮಧ್ಯಾಹ್ನ ಅದೂ ಮೆತ್ತಗಾಗಿ, ಕಾಲು ತಪ್ಪಿದರೆ ತೊಡೆವರೆಗೆ ಹೂತು, ಕೆಳಗೆ ಹರಿಯುವ ತಣ್ಣೀರಿನಲ್ಲಿ ಬೂಟು. ಫಾಲಿಂಗ್ ವಾಟರ್ಸ್‌ನಲ್ಲಿ ಹಳ್ಳ ದಾಟುವ ಕಡೆಗಳಲ್ಲಿ ಕರಗಿದ ನೀರು ಮಧ್ಯಾಹ್ನ ಏರುತ್ತದೆ. ಬೆಳಿಗ್ಗೆ ದಾಟಿದ ಕಲ್ಲು ಸಂಜೆ ಕಾಣದೇ ಇರಬಹುದು.

ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಈ ಆಟ ಬಂಡೆಯನ್ನೂ ಬಿಡುವುದಿಲ್ಲ. ಕಣಿವೆಯ ಆಚೆ ಕ್ಯಾನನ್ ಬೆಟ್ಟದ ಮೇಲೆ ಮನುಷ್ಯನ ಮುಖದಂತೆ ಕಾಣುತ್ತಿದ್ದ, 'ಓಲ್ಡ್ ಮ್ಯಾನ್ ಆಫ್ ದಿ ಮೌಂಟನ್' ಎಂದೇ ಹೆಸರಾದ ಬಂಡೆ ಇತ್ತು. ಈ ರಾಜ್ಯದ ಗುರುತೇ ಅದು. ಉಕ್ಕಿನ ಕೊಂಡಿ ಹಾಕಿ ಬಿಗಿದಿದ್ದರೂ 2003ರ ಮೇ 3ರಂದು ಉದುರಿಹೋಯಿತು.

ಮೇ ತಿಂಗಳು ಕೆಸರು, ಆಮೇಲೆ ಜೂನ್‌ವರೆಗೆ ಕಚ್ಚುವ ಕರಿನೊಣ. ಕೆಸರು ಬಂದಾಗ ಅಂಚಿಗೆ ಸರಿಯದೆ ನಡುವೆಯೇ ನಡೆಯಿರಿ, ಇಲ್ಲದಿದ್ದರೆ ಟ್ರೇಲ್ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ. ಜೂನ್ ಮೊದಲ ದಿನಗಳಲ್ಲಿ ರಿಡ್ಜ್ ಮೇಲೆ ಡಯಾಪೆನ್ಸಿಯಾ ಎಂಬ ಗಿಡ ಬಿಳಿ ಹೂ ಬಿಡುತ್ತದೆ. ಗಿಡ ಅಂದರೆ ನೆಲಕ್ಕೆ ಅಂಟಿಕೊಂಡ ಹಸಿರು ಗುಬುಟು, ಬೆರಳುದ್ದವೂ ಏಳುವುದಿಲ್ಲ. ಮೈನಸ್ 30ರ ಗಾಳಿ ತಡೆದುಕೊಳ್ಳುವ ಈ ಗಿಡ ಬೂಟಿನ ತುಳಿತ ತಡೆಯುವುದಿಲ್ಲ. ಟ್ರೇಲ್‌ನ ಎರಡೂ ಪಕ್ಕ ತಗ್ಗಾಗಿ ಕಲ್ಲು ಜೋಡಿಸಿರುವುದು ಅದನ್ನು ಉಳಿಸಲೆಂದೇ. ಫೋಟೋಗಾಗಿ ಆ ಕಲ್ಲು ದಾಟಬೇಡಿ, ದಯವಿಟ್ಟು.

ಬೇಸಿಗೆಯಲ್ಲಿ ಹೇಳುವುದು ಕಡಿಮೆ. ಏಳೆಂಟು ಗಂಟೆಯ ಚೆಂದದ ನಡಿಗೆ, ಹಟ್‌ನಲ್ಲಿ ಕುಡಿಯುವ ನೀರು ಸಿಗುತ್ತದೆ. ಅಪಾಯ ಇರುವುದು ಮಧ್ಯಾಹ್ನದ ಗುಡುಗಿನಿಂದ. ಬೇಗ ಹೊರಟು, ಹನ್ನೆರಡರೊಳಗೆ ರಿಡ್ಜ್ ದಾಟಿಬಿಡಿ. ಲಿಟಲ್ ಹೇಸ್ಟ್ಯಾಕ್‌ನಲ್ಲಿ ಪಶ್ಚಿಮಕ್ಕೆ ಕಪ್ಪು ಮೋಡ ಕಂಡರೆ ಬಂದ ದಾರಿಯಲ್ಲೇ ಮರಗಳೊಳಗೆ ಇಳಿಯಿರಿ. ಜುಲೈಯಲ್ಲೂ ಒಂದು ಬೆಚ್ಚನೆ ಅಂಗಿ, ಮಳೆ ಜಾಕೆಟ್ ಬೇಕೇ ಬೇಕು, ತುದಿ ಕೆಳಗಿಗಿಂತ ಏಳು ಡಿಗ್ರಿಯಷ್ಟು ತಣ್ಣಗಿರುತ್ತದೆ.

ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಎಲೆ ಕೆಂಪಾಗುತ್ತದೆ, ಜನ ಜಾತ್ರೆ. ವಾರದ ದಿನ ಬನ್ನಿ. ನನಗೆ ಹೆಚ್ಚು ಭಯ ಇರುವುದು ನವೆಂಬರ್ ಬಗ್ಗೆ. ಸ್ನೋಶೂಗೆ ಸಾಲುವಷ್ಟು ಹಿಮ ಇಲ್ಲ, ಬಂಡೆ ಮೇಲೆ ತೆಳ್ಳಗೆ ಗಾಜಿನಂಥ ಮಂಜುಗಡ್ಡೆ, ಎಲೆ ಮುಚ್ಚಿ ಅದೂ ಕಾಣುವುದಿಲ್ಲ. ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ನಾಲ್ಕೂವರೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಜನರ ಮನಸ್ಸಿನಲ್ಲಿ ಮಾತ್ರ ಇನ್ನೂ ಶರತ್ಕಾಲ.

ಹೊರಡುವ ಹಿಂದಿನ ಸಂಜೆ ಮೌಂಟ್ ವಾಷಿಂಗ್ಟನ್ ವೀಕ್ಷಣಾಲಯದವರು ಕೊಡುವ ಎತ್ತರದ ಶಿಖರಗಳ ಮುನ್ಸೂಚನೆ ಓದಿ, ಬೆಳಿಗ್ಗೆ ಇನ್ನೊಮ್ಮೆ ಓದಿ. ಫೋನಿನ ಹವಾಮಾನ ಆ್ಯಪ್ ಸುಮ್ನೆ ಊರಿನ ಲೆಕ್ಕ ಕೊಡುತ್ತದೆ. ನಾನು ಮೊದಲು ಗಾಳಿ ನೋಡುತ್ತೇನೆ, ಆಮೇಲೆ ಉಷ್ಣತೆ, ಆಮೇಲೆ ಮೋಡ. ಗಾಳಿಯ ಹೊಡೆತ ಗಂಟೆಗೆ 65 ಕಿಲೋಮೀಟರ್ ದಾಟುತ್ತದೆ ಅಂತಿದ್ದರೆ ಗುಂಪನ್ನು ರಿಡ್ಜ್‌ಗೆ ಒಯ್ಯುವುದಿಲ್ಲ, ಎಷ್ಟೇ ಬಿಸಿಲಿರಲಿ. ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅನ್ನುವುದನ್ನು ಮನೆಯಲ್ಲಿ ಬರೆದಿಟ್ಟು ಬನ್ನಿ.

ಇಲ್ಲಿ ಹುಡುಕಾಟ, ರಕ್ಷಣೆ ನಡೆಸುವುದು ನ್ಯೂ ಹ್ಯಾಂಪ್‌ಶೈರ್ ಮೀನು ಮತ್ತು ವನ್ಯಜೀವಿ ಇಲಾಖೆ, ಜೊತೆಗೆ ಸ್ವಯಂಸೇವಕರು. ಅವರು ನಡೆದೇ ಬರಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ. ನಿರ್ಲಕ್ಷ್ಯದಿಂದ ಸಿಕ್ಕಿಬಿದ್ದಿರಿ ಅಂತ ಕಂಡರೆ ರಾಜ್ಯ ಖರ್ಚಿನ ಬಿಲ್ ಕಳಿಸಬಹುದು. ಒಬ್ಬರಿಗೆ 25 ಡಾಲರ್, ಕುಟುಂಬಕ್ಕೆ 35 ಡಾಲರ್ ಕೊಟ್ಟರೆ ನಿರ್ಲಕ್ಷ್ಯದ ಆ ಬಿಲ್‌ನಿಂದ ಕಾಪಾಡುವ ಹೈಕ್ ಸೇಫ್ ಕಾರ್ಡ್ ಸಿಗುತ್ತದೆ. ಆ ದುಡ್ಡು ರಕ್ಷಣಾ ನಿಧಿಗೆ ಹೋಗುತ್ತದೆ. ಮೊದಲ ಸಲ ಸ್ನೋಶೂ ಹಾಕುವವರು ಕಾರ್ಡ್ ಮಾಡಿಸಿಕೊಂಡು, ಫೆಬ್ರವರಿ ಕೊನೆಯ ಒಂದು ಶಾಂತ ದಿನ ಹಟ್‌ವರೆಗೆ ಮಾತ್ರ ಬನ್ನಿ. ಹೊತ್ತು ಅಷ್ಟರಲ್ಲಿ ಉದ್ದವಾಗಿರುತ್ತದೆ, ದಾರಿ ತುಳಿದು ಗಟ್ಟಿಯಾಗಿರುತ್ತದೆ, ಮೇಲೆ ರಿಡ್ಜ್ ಪೂರ್ತಿ ಕಾಣುತ್ತದೆ.