ಗ್ರೀಕರನ್ನು ಬೈಯುವ ಮೊದಲು

ಟೆಲಿಸ್ಕೋಪಿನ ಮುಂದೆ ಸಾಲು ನಿಂತವರಲ್ಲಿ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಭೂಮಿಯೇ ನಡುವೆ ಅಂದ್ಕೊಂಡಿದ್ರಲ್ಲ ಸಾರ್ ಆ ಗ್ರೀಕರು, ಅಷ್ಟೂ ಗೊತ್ತಾಗ್ಲಿಲ್ವಾ?"

ನಾನು ತಿರುಗಿ ಕೇಳುತ್ತೇನೆ: "ಭೂಮಿ ಸೂರ್ಯನನ್ನು ಸುತ್ತುತ್ತೆ ಅಂತ ನೀವು ತೋರಿಸಿಕೊಡಿ. ಫೋನ್ ಮುಟ್ಟಬಾರದು." ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಹಗಲು-ರಾತ್ರಿ ಅಂದರು. ಸೂರ್ಯ ಸುತ್ತಿದರೂ ಹಗಲು-ರಾತ್ರಿ ಆಗುತ್ತದೆ. ಬೇಸಿಗೆ, ಚಳಿಗಾಲ ಅಂದರು. ಅದೂ ಅಷ್ಟೇ. ಕೊನೆಗೆ ನಗುತ್ತಾ, "ನಮ್ ಮೇಷ್ಟ್ರು ಹೇಳಿದ್ದು, ನಂಬಿದೆ" ಅಂದರು. ಪುಣ್ಯಾತ್ಮರು, ಒಪ್ಪಿಕೊಂಡರಲ್ಲ.

ಸೂರ್ಯ ನಡುವೆ ಇದ್ದಾನೆ ಎಂಬ ಮಾತನ್ನು ಸಾಮೋಸ್ ದ್ವೀಪದ ಗ್ರೀಕ್ ಖಗೋಳಜ್ಞ ಅರಿಸ್ಟಾರ್ಕಸ್ ಕ್ರಿ.ಪೂ. 3ನೇ ಶತಮಾನದಲ್ಲೇ ಆಡಿದ್ದ. ಆರ್ಕಿಮಿಡೀಸ್ ಅದನ್ನು ಬರೆದಿಟ್ಟಿದ್ದಾನೆ. ಹೆಚ್ಚಿನವರು ಒಪ್ಪಲಿಲ್ಲ. ಅದಕ್ಕೆ ಕಾರಣ ಹಲವು ಇರಬಹುದು, ನನಗೆ ಗಟ್ಟಿಯಾಗಿ ಕಾಣುವುದು ನಕ್ಷತ್ರಗಳ ತಕರಾರು. ಭೂಮಿ ಜಾಗ ಬದಲಿಸಿದರೆ ನಕ್ಷತ್ರಗಳೂ ಜರುಗಿದಂತೆ ಕಾಣಬೇಕಲ್ಲ ಎಂದು ಅರಿಸ್ಟಾಟಲ್ ಮೊದಲೇ ಕೇಳಿದ್ದ.

ಇಲ್ಲೇ ಎಲ್ಲರೂ ಎಡವುವುದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಕೈ ಚಾಚಿ ಹೆಬ್ಬೆರಳು ಎತ್ತಿ. ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಆಚೆ ಈಚೆ ಹಾರುತ್ತದೆ. ಜನವರಿಯ ಭೂಮಿ ಒಂದು ಕಣ್ಣು, ಜುಲೈನ ಭೂಮಿ ಇನ್ನೊಂದು. ನಡುವೆ ಸುಮಾರು 30 ಕೋಟಿ ಕಿಲೋಮೀಟರ್. ಅಷ್ಟು ದೂರ ಸರಿದರೂ ಒಂದು ನಕ್ಷತ್ರವೂ ಕದಲಿದಂತೆ ಕಾಣಲಿಲ್ಲ. ಹಾಗಾದರೆ ಭೂಮಿ ನಿಂತಿದೆ, ಇಲ್ಲವೇ ನಕ್ಷತ್ರಗಳು ಊಹೆಗೂ ನಿಲುಕದಷ್ಟು ದೂರ ಇವೆ. ಅರಿಸ್ಟಾರ್ಕಸ್ ಎರಡನೆಯದನ್ನು ಹಿಡಿದ. ಉಳಿದವರು ಮೊದಲನೆಯದನ್ನು. ಯಾರು ದಡ್ಡರು, ಹೇಳಿ?

ಆ ಕದಲಿಕೆಯನ್ನು ಜರ್ಮನ್ ಖಗೋಳಜ್ಞ ಬೆಸೆಲ್ ಅಳೆದು ಹೇಳಿದ್ದು 1838ರಲ್ಲಿ, 61 ಸಿಗ್ನಿ ಎಂಬ ನಕ್ಷತ್ರದಲ್ಲಿ. ಸಿಕ್ಕ ಕೋನ ಒಂದು ಡಿಗ್ರಿಯ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಬರಿಗಣ್ಣಿಗೆ ಅದು ಕಾಣುವ ಮಾತೇ ಇಲ್ಲ.

ಹಾಗಂತ, ಭೂಮಿಯನ್ನೇ ನಡುವೆ ಇಟ್ಟು ಗ್ರಹಗಳ ಓಡಾಟ ಲೆಕ್ಕ ಹಾಕಿದ ಟಾಲೆಮಿಯ ಲೆಕ್ಕವೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಬೈಯಲೇಬೇಕು ಅಂದರೆ ಚಂದ್ರನ ವಿಷಯಕ್ಕೆ ಬೈಯಿರಿ. ಅವನ ಲೆಕ್ಕದಂತೆ ಅಷ್ಟಮಿಯ ಚಂದ್ರ ಕೆಲವು ಸಲ ಹುಣ್ಣಿಮೆಗಿಂತ ಹೆಚ್ಚುಕಡಿಮೆ ಅರ್ಧ ದೂರಕ್ಕೆ ಬರುತ್ತಾನೆ, ಅಂದರೆ ಇಮ್ಮಡಿ ಅಗಲ ಕಾಣಬೇಕು. ಕಾಣಲ್ಲ. ಅದನ್ನು ನೋಡಲು ಟೆಲಿಸ್ಕೋಪೂ ಬೇಕಿರಲಿಲ್ಲ.