ವಾದ್ಯಕ್ಕೊಂದು ಟ್ರ್ಯಾಕ್: ಮನೆಯ ಧ್ವನಿಮುದ್ರಣದಲ್ಲಿ ಜೋಡಣೆಯ ಲೆಕ್ಕಾಚಾರ

ಭಜನಾ ಮಂಡಳಿಯವರಿರಲಿ, ಭಾವಗೀತೆ ಹಾಡುವ ಗೆಳೆಯರ ಗುಂಪಿರಲಿ, ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಕಡೆಯಿಂದ ಮನೆಯ ಧ್ವನಿಮುದ್ರಣದ ಬಗ್ಗೆ ವಿಚಾರಿಸುವವರು ಮೊದಲು ಕೇಳುವುದು ಯಾವ ಮೈಕ್ ಕೊಳ್ಳಬೇಕು ಎಂದು. ಅದಕ್ಕೂ ಮುಂಚೆ ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಏಕಕಾಲಕ್ಕೆ ಎಷ್ಟು ಧ್ವನಿಗಳು ಬೇರೆ ಬೇರೆಯಾಗಿ ಕಂಪ್ಯೂಟರಿನೊಳಗೆ ಬರಬೇಕು? ಗಾಯಕರಿಗೆ ಒಂದು, ಹಾರ್ಮೋನಿಯಂಗೆ ಒಂದು, ತಬಲಾ ಮತ್ತು ಡಗ್ಗಕ್ಕೆ ಎರಡು, ಕೀಬೋರ್ಡಿಗೆ ಎರಡು ಎಂದು ಕಾಗದದ ಮೇಲೆ ಬರೆದುಕೊಂಡರೆ ಯಾವ ಸಲಕರಣೆ ಬೇಕೆಂಬುದು ಬಹುಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ. ತುಂಗೆಯ ದಡದ ಹೊಸಹಳ್ಳಿಯ ಗಮಕದಂಥ ಕಲೆಗೆ ವಾಚನಕಾರರಿಗೊಂದು, ವ್ಯಾಖ್ಯಾನಕಾರರಿಗೊಂದು, ಹೀಗೆ ಎರಡು ಇನ್‌ಪುಟ್ ಸಾಕು. ಮೇಲಿನ ಗುಂಪಿಗಾದರೆ ಆರು ಬೇಕು, ಎಂದರೆ ಎಂಟು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಮೈಕ್ ಮತ್ತು ವಾದ್ಯಗಳ ಧ್ವನಿಯನ್ನು ಕಂಪ್ಯೂಟರಿಗೆ ತಲುಪಿಸುವ ಪೆಟ್ಟಿಗೆ) ನೋಡುವುದು ಒಳ್ಳೆಯದು.

ಲ್ಯಾಪ್‌ಟಾಪಿನ 3.5 ಮಿ.ಮೀ. ಜಾಕ್ ಈ ಕೆಲಸಕ್ಕೆ ಬಾರದು. ಅದು ಸಾಮಾನ್ಯವಾಗಿ ಒಂದೇ ಮೈಕಿನ ಧ್ವನಿಯನ್ನು ತೆಗೆದುಕೊಳ್ಳುತ್ತದೆ; ಸ್ಪ್ಲಿಟರ್ ಸಿಕ್ಕಿಸಿ ನಾಲ್ಕು ವಾದ್ಯ ಜೋಡಿಸಿದರೂ ಎಲ್ಲವೂ ಒಂದೇ ಟ್ರ್ಯಾಕಿನಲ್ಲಿ ಬೆರೆತುಹೋಗುತ್ತವೆ, ಆಮೇಲೆ ತಬಲಾ ಜೋರಾಯಿತೆಂದು ಅದನ್ನಷ್ಟೇ ತಗ್ಗಿಸಲು ಬರುವುದಿಲ್ಲ. ಯುಎಸ್‌ಬಿ ಇರುವ ಮಿಕ್ಸರ್ ಕೊಳ್ಳುವವರೂ ಇದೇ ತೊಂದರೆಗೆ ಸಿಲುಕುತ್ತಾರೆ. ಹನ್ನೆರಡು ಚಾನೆಲ್ ಎಂದು ಬರೆದಿರುವ ಅನೇಕ ಅಗ್ಗದ ಮಿಕ್ಸರ್‌ಗಳು ಕಂಪ್ಯೂಟರಿಗೆ ಕಳಿಸುವುದು ಎಲ್ಲವನ್ನೂ ಬೆರೆಸಿದ ಎಡ ಮತ್ತು ಬಲದ ಎರಡು ಚಾನೆಲ್‌ಗಳನ್ನು ಮಾತ್ರ. ಅಂಗಡಿಯಲ್ಲಿ ಕೇಳಬೇಕಾದದ್ದು ಯುಎಸ್‌ಬಿ ಮೂಲಕ ಎಷ್ಟು ಚಾನೆಲ್ ಪ್ರತ್ಯೇಕವಾಗಿ ಹೋಗುತ್ತದೆ ಎಂಬುದನ್ನು.

ಎರಡು ಇನ್‌ಪುಟ್‌ನ ಇಂಟರ್‌ಫೇಸ್ ಇರುವವರು ಅಂಥದೇ ಇನ್ನೊಂದನ್ನು ತಂದು ನಾಲ್ಕು ಮಾಡಿಕೊಳ್ಳಲು ಹೊರಡುವುದುಂಟು. ವಿಂಡೋಸ್‌ನಲ್ಲಿ ಧ್ವನಿಮುದ್ರಣಕ್ಕೆ ಬಳಸುವ ಏಸಿಯೋ ಡ್ರೈವರ್ (ಇಂಟರ್‌ಫೇಸನ್ನೂ ಮುದ್ರಣದ ತಂತ್ರಾಂಶವನ್ನೂ ಬೆಸೆಯುವ ತಂತ್ರಾಂಶ) ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸಾಧನವನ್ನು ಆರಿಸಿಕೊಳ್ಳಬಹುದು. ಮ್ಯಾಕ್‌ನಲ್ಲಿ ಎರಡನ್ನು ಕೂಡಿಸುವ ಸೌಲಭ್ಯವಿದೆಯಾದರೂ ಮೂಲ ಸಮಸ್ಯೆ ಗಡಿಯಾರದ್ದು. ಪ್ರತಿ ಇಂಟರ್‌ಫೇಸಿನೊಳಗೂ ಒಂದು ಸ್ಫಟಿಕವಿದ್ದು, ಅದು ಸೆಕೆಂಡಿಗೆ 48,000 ಬಾರಿ ಧ್ವನಿಯನ್ನು ಅಳೆಯಲು ತಾಳ ಕೊಡುತ್ತದೆ, ಮತ್ತು ಯಾವ ಎರಡು ಸ್ಫಟಿಕಗಳೂ ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ಅಂತರವಿದ್ದರೂ 10 ನಿಮಿಷದಲ್ಲಿ 12 ಮಿಲಿಸೆಕೆಂಡ್, ಅರ್ಧ ಗಂಟೆಯಲ್ಲಿ 36 ಮಿಲಿಸೆಕೆಂಡ್ ವ್ಯತ್ಯಾಸ ಬಿದ್ದು, ಭಜನೆಯ ಕೊನೆಗೆ ತಾಳದ ಪೆಟ್ಟು ತಬಲಾದಿಂದ ಬೇರೆಯಾಗಿ ಕೇಳತೊಡಗುತ್ತದೆ. ಆಡ್ಯಾಟ್ ಎಂಬ ಆಪ್ಟಿಕಲ್ ಇನ್‌ಪುಟ್ ಇರುವ ಇಂಟರ್‌ಫೇಸ್ ಆಗಿದ್ದರೆ, ಎಂಟು ಮೈಕ್‌ಗಳ ಇನ್ನೊಂದು ಪೆಟ್ಟಿಗೆಯನ್ನು ಒಂದೇ ತಂತಿಯಲ್ಲಿ ಸೇರಿಸಿ ಎರಡಕ್ಕೂ ಒಂದೇ ಗಡಿಯಾರವನ್ನು ಒಪ್ಪಿಸಬಹುದು. ಮುಂದೆ ಬೆಳೆಯುವ ಆಸೆಯಿರುವವರಿಗೆ ನಾನು ಸೂಚಿಸುವ ದಾರಿ ಇದು.

ಇನ್ನು ಯಾವ ವಾದ್ಯ ಯಾವ ಇನ್‌ಪುಟ್‌ಗೆ ಎಂಬುದು. ಕೀಬೋರ್ಡಿನ ಎಡ ಮತ್ತು ಬಲ ಔಟ್‌ಪುಟ್‌ಗಳು ಲೈನ್ ಇನ್‌ಪುಟ್‌ಗೆ, ಅಂದರೆ ಮೈಕಿನದಕ್ಕಿಂತ ಬಲವಾದ ಸಂಕೇತಕ್ಕೆಂದು ಇರುವ ಇನ್‌ಪುಟ್‌ಗೆ ಹೋಗಬೇಕು. ಹಲವು ಕೀಬೋರ್ಡುಗಳ ಯುಎಸ್‌ಬಿ ತಂತಿಯಲ್ಲಿ ಹರಿಯುವುದು ಮಿಡಿ ಸಂದೇಶ, ಅಂದರೆ ಯಾವ ಮನೆಯನ್ನು ಎಷ್ಟು ಬಲವಾಗಿ ಒತ್ತಿದಿರಿ ಎಂಬ ಮಾಹಿತಿ. ಅದರಲ್ಲಿ ಧ್ವನಿಯೇ ಇರುವುದಿಲ್ಲ. ಗಿಟಾರ್ ಅಥವಾ ಪಿಕಪ್ (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಸಾಧನ) ಅಂಟಿಸಿದ ವೀಣೆಯನ್ನು ‘ಇನ್‌ಸ್ಟ್ರುಮೆಂಟ್’ ಎಂದು ಗುರುತಿಸಿದ ಇನ್‌ಪುಟ್‌ಗೇ ಕೊಡಿ, ಏಕೆಂದರೆ ಸಾಧಾರಣ ಲೈನ್ ಇನ್‌ಪುಟ್‌ನಲ್ಲಿ ಅವುಗಳ ನಾದ ಮಂಕಾಗುತ್ತದೆ. ಸೂಕ್ಷ್ಮ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕಿಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಇಂಟರ್‌ಫೇಸ್ ಮೈಕಿನ ತಂತಿಯಲ್ಲೇ ಕಳಿಸುವ ವಿದ್ಯುತ್ ಬೇಕು. ಹಾರ್ಮೋನಿಯಂ ಮೈಕನ್ನು ತಿದಿಯ ಕಡೆಗೆ ಇಡಬಾರದು, ಗಾಳಿಯ ಸದ್ದೇ ಮುಂದಾಗುತ್ತದೆ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತಾಗ, ಮೈಕಿಗೂ ವಾದ್ಯಕ್ಕೂ ಇರುವ ದೂರದ ಮೂರು ಪಟ್ಟಾದರೂ ಎರಡು ಮೈಕ್‌ಗಳ ನಡುವೆ ಇರಲಿ. ತಬಲಾ ಮೈಕ್ ಒಂದು ಅಡಿ ದೂರದಲ್ಲಿದ್ದರೆ ಗಾಯಕರ ಮೈಕ್ ಮೂರು ಅಡಿ ಆಚೆಗೆ.

ಹಾಡುವವರಿಗೆ ಹೆಡ್‌ಫೋನಿನಲ್ಲಿ ತಮ್ಮ ಧ್ವನಿ ತಡವಾಗಿ ಕೇಳುವ ತೊಂದರೆಗೆ ಕಾರಣ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಂಡು ಸಂಸ್ಕರಿಸುವ ಧ್ವನಿಯ ತುಣುಕು. ಸೆಕೆಂಡಿಗೆ 48,000 ದರದಲ್ಲಿ 1,024 ಸ್ಯಾಂಪಲ್‌ಗಳ (ಒಂದೊಂದು ಅಳತೆಯೂ ಒಂದು ಸ್ಯಾಂಪಲ್) ಬಫರ್ ಒಂದೇ 21 ಮಿಲಿಸೆಕೆಂಡ್ ನುಂಗುತ್ತದೆ. 128 ಕ್ಕೆ ಇಳಿಸಿದರೆ ಅದು 2.7 ಆಗುತ್ತದೆ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಧ್ವನಿ ಕಂಪ್ಯೂಟರನ್ನು ಸುತ್ತಿ ಬರುವ ಗೋಜೇ ಇರುವುದಿಲ್ಲ.

ಹಲವು ಸಲಕರಣೆ ಸೇರಿದೊಡನೆ ಕೇಳುವ ‘ಹುಂ’ ಸದ್ದು ಬಹುತೇಕ ನಮ್ಮ 50 ಹರ್ಟ್ಸ್ ವಿದ್ಯುತ್ತಿನದು. ಕೀಬೋರ್ಡ್ ಒಂದು ಗೋಡೆಯ ಪ್ಲಗ್‌ನಿಂದ, ಲ್ಯಾಪ್‌ಟಾಪ್ ಇನ್ನೊಂದರಿಂದ ವಿದ್ಯುತ್ ಪಡೆಯುವಾಗ, ಅದರಲ್ಲೂ ಹಳೆಯ ವೈರಿಂಗ್ ಇರುವ ತೊಟ್ಟಿ ಮನೆಗಳಲ್ಲಿ, ಇದು ಹೆಚ್ಚು. ಮೊದಲು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ದೋಷ ಅಲ್ಲಿದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ, ಆಗಲೂ ಹೋಗದಿದ್ದರೆ ಕೀಬೋರ್ಡಿನ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಎರಡು ಸಲಕರಣೆಗಳ ನೇರ ವಿದ್ಯುತ್ ಸಂಪರ್ಕ ತಪ್ಪಿಸಿ ಧ್ವನಿಯನ್ನಷ್ಟೇ ದಾಟಿಸುವ ಪುಟ್ಟ ಪೆಟ್ಟಿಗೆ) ಹಾಕಿ. ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದನ್ನು ದಯವಿಟ್ಟು ಯಾರೂ ಮಾಡಬಾರದು, ಅದು ಪ್ರಾಣಕ್ಕೆ ಅಪಾಯ.

ಮಲೆನಾಡಿನ ಮಳೆಗಾಲಕ್ಕೆ ಬೇರೆಯೇ ಎಚ್ಚರ ಬೇಕು. ತೇವಕ್ಕೆ ತಬಲಾದ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ, ಆದ್ದರಿಂದ ಪ್ರತಿ ಹಾಡಿಗೂ ಮುನ್ನ ಶ್ರುತಿ ನೋಡಿಕೊಂಡೇ ಮುದ್ರಣಕ್ಕೆ ಹೋಗಬೇಕು. ತಗಡಿನ ಮಾಡಿನ ಕೆಳಗೆ ಮಳೆ ಹಿಡಿದರೆ ಕಂಡೆನ್ಸರ್ ಬದಲು ಅಷ್ಟು ಸೂಕ್ಷ್ಮವಲ್ಲದ ಡೈನಮಿಕ್ ಮೈಕನ್ನು ಹತ್ತಿರ ಹಿಡಿಯುವುದೇ ಲೇಸು. ಗುಡುಗು ಶುರುವಾದೊಡನೆ ತಂತಿಗಳನ್ನು ಪ್ಲಗ್ಗಿನಿಂದ ಕಿತ್ತಿಡಿ. ಕೆಲಸ ಮುಗಿದ ಮೇಲೆ ಕಂಡೆನ್ಸರ್ ಮೈಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು; ಒಳಗಿನ ತೆಳು ಪೊರೆಗೆ ತೇವ ಹಿಡಿದರೆ ಮುಂದಿನ ಬಾರಿ ಚಿಟಪಟ ಸದ್ದು ಬರುತ್ತದೆ.