ಸ್ಪಂಜ್ ಹಾಕಿದರೆ ಸರಿಹೋಗಲ್ಲ

ಬೆಂಗಳೂರಿನಲ್ಲಿ ಕಾಮಿಕ್ ಕಾನ್, ಅಂದರೆ ಕಾಮಿಕ್ಸ್, ಸಿನಿಮಾ ಅಭಿಮಾನಿಗಳು ಪಾತ್ರಗಳ ವೇಷ ಹಾಕಿಕೊಂಡು ಸೇರುವ ಮೇಳ, ಹತ್ತಿರ ಬಂತು ಅಂದರೆ ನನಗೆ ಬರುವ ಫೋನುಗಳೆಲ್ಲ ಒಂದೇ ಥರ. “ಸಾರ್, ಆರ್ಮರ್ ಸಖತ್ತಾಗಿ ಬಂದಿದೆ. ಭುಜದ ಹತ್ರ ಸ್ವಲ್ಪ ಒತ್ತುತ್ತೆ, ಅಷ್ಟೇ. ಒಳಗೆ ಒಂಚೂರು ಸ್ಪಂಜ್ ಹಾಕಿಕೊಟ್ರೆ ಸಾಕು.”

ಸಾಕಾಗಲ್ಲ. ಎಷ್ಟು ಹಾಕಿದರೂ ಸಾಕಾಗಲ್ಲ. ಇದನ್ನು ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿದ್ದಕ್ಕೇ ಈ ಸಲ ಬರೆಯುತ್ತಿದ್ದೇನೆ.

ನಾನು ಜಾಹೀರಾತು, ನಾಟಕ, ಕಾಸ್‌ಪ್ಲೇಗೆ (ಹೀಗೆ ಪಾತ್ರಗಳ ವೇಷ ಹಾಕುವ ಹವ್ಯಾಸಕ್ಕೆ) ಆರ್ಮರ್, ಅಂದರೆ ವೇಷದ ಕವಚ ಮಾಡಿಕೊಡುವವನು. ಬಾಹ್ಯಾಕಾಶದ ಸೈನಿಕ, ರೋಬೋ, ಬೇರೆ ಗ್ರಹದ ಬೇಟೆಗಾರ, ಇಂಥವೇ ಜಾಸ್ತಿ. ಮುಕ್ಕಾಲು ಪಾಲು ಕೆಲಸ ಇವಿಎ ಫೋಮ್ ಅನ್ನುವ ಹಗುರ, ರಬ್ಬರಿನಂಥ ಹಾಳೆಯಲ್ಲಿ. ಫೋಮ್ ಕತ್ತರಿಸೋದು, ಹೀಟ್ ಗನ್ನಿನಿಂದ ಬಗ್ಗಿಸೋದು, ಬಣ್ಣ ಹೊಡೆಯೋದು, ಇದ್ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಈಗಿನ ಹುಡುಗರು, ಹುಡುಗಿಯರು ಅದನ್ನೆಲ್ಲ ನನಗಿಂತ ಚೆನ್ನಾಗಿ ಮಾಡುತ್ತಾರೆ. ಅವರು ತರುವ ಎದೆಕವಚದ ಅಂಚಿನ ಫಿನಿಶಿಂಗ್ ನೋಡಿ ಎಷ್ಟೋ ಸಲ ಖುಷಿಪಟ್ಟಿದ್ದೇನೆ. ಆಮೇಲೆ ಅದನ್ನು ತಿರುಗಿಸಿ ಒಳಗೆ ನೋಡುತ್ತೇನೆ. ಎರಡು ತುಂಡು ವೆಲ್ಕ್ರೋ, ಒಂದು ಸೋತ ಎಲಾಸ್ಟಿಕ್. ಮುಗೀತು.

ಒತ್ತುವ ಕಡೆ ಮೆತ್ತಗಿನದ್ದು ಇಟ್ಟರೆ ನೋವು ಹೋಗುತ್ತೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಆರ್ಮರ್ ಒತ್ತೋದಕ್ಕೆ ಹೆಚ್ಚು ಕಮ್ಮಿ ಎರಡೇ ಕಾರಣ. ಒಂದೋ ಭಾರ ಬೀಳಬಾರದ ಕಡೆ ಬೀಳುತ್ತಿದೆ. ಇಲ್ಲಾ, ಮೈ ಅಲ್ಲಾಡುವ ದಾರಿಗೆ ಯಾವುದೋ ಅಂಚು ಅಡ್ಡ ಬರುತ್ತಿದೆ. ಮೊದಲನೆಯದಕ್ಕೆ ಪಟ್ಟಿ ಬೇಕು, ಎರಡನೆಯದಕ್ಕೆ ಕತ್ತರಿ ಬೇಕು. ಸ್ಪಂಜ್ ಹಾಕಿದರೆ ಎರಡೂ ಇನ್ನಷ್ಟು ಕೆಡುತ್ತವೆ. ಎದೆಯ ಸುತ್ತ ಅರ್ಧ ಇಂಚು ದಪ್ಪದ ಸ್ಪಂಜ್ ಅಂಟಿಸಿದಿರಿ ಅನ್ನಿ. ಒಳಗಿನ ಸುತ್ತಳತೆ 3 ಇಂಚಿಗೂ ಜಾಸ್ತಿ ಇಳಿಯುತ್ತದೆ. ವೃತ್ತದ ಲೆಕ್ಕ ಹೈಸ್ಕೂಲಲ್ಲಿ ಮಾಡಿದ್ದೇ, ಅಲ್ವಾ? ಮೊದಲೇ ಬಿಗಿಯಾಗಿದ್ದ ಆರ್ಮರ್ ಈಗ ಉಸಿರು ಕಟ್ಟಿಸುತ್ತದೆ. ಇವಿಎ ಫೋಮಿನ ಒಳಗಿನ ಗುಳ್ಳೆಗಳೆಲ್ಲ ಮುಚ್ಚಿದವು, ಅದರಲ್ಲಿ ಗಾಳಿ ಆಡುವುದಿಲ್ಲ. ಮೈಗೂ ಫೋಮಿಗೂ ನಡುವೆ ಇದ್ದ ಸಂದಿಯಲ್ಲೇ ಅಷ್ಟಿಷ್ಟು ಗಾಳಿ ಓಡಾಡುತ್ತಿತ್ತು. ಆ ಸಂದಿಯನ್ನೂ ಸ್ಪಂಜ್ ತುಂಬಿತು. ಮಧ್ಯಾಹ್ನದ ಹೊತ್ತಿಗೆ ಸ್ಪಂಜ್ ಬೆವರು ಕುಡಿದು ಭಾರವಾಗುತ್ತದೆ. ವಾಸನೆಯ ಸುದ್ದಿ ಬೇಡ.

ಈಗ ಭಾರದ ವಿಷಯಕ್ಕೆ ಬರೋಣ. ಜನ ತಪ್ಪು ತಿಳಿಯೋದು ಇಲ್ಲೇ, ಅದಕ್ಕೆ ಸ್ವಲ್ಪ ಎಳೆದೇ ಹೇಳುತ್ತೇನೆ.

ನಮ್ಮ ಮೈಯಲ್ಲಿ ಭಾರ ಹೊರೋದಕ್ಕೆ ಒಳ್ಳೆಯ ಜಾಗ ಸೊಂಟದ ಮೂಳೆ. ತುಂಬಿದ ಕೊಡವನ್ನು ಹೆಂಗಸರು ಸೊಂಟಕ್ಕೆ ಏರಿಸೋದು ಸುಮ್ನೆ ಅಲ್ಲ. ಭುಜ ಎರಡನೇ ದರ್ಜೆಯ ಜಾಗ. ಅಲ್ಲೂ ಕತ್ತಿಗೆ ಹತ್ತಿರ ಇದ್ದರೆ ತಡೆಯುತ್ತದೆ, ತೋಳಿನ ತುದಿಗೆ ಹೋದಷ್ಟೂ ಬಳಲುತ್ತದೆ. ತೋಳು, ತೊಡೆ, ಮೀನಖಂಡ ಇವಂತೂ ಭಾರ ಹೊರುವ ಜಾಗಗಳೇ ಅಲ್ಲ. ಆದರೂ ನಾನು ನೋಡುವ ಹತ್ತರಲ್ಲಿ ಎಂಟು ಆರ್ಮರುಗಳಲ್ಲಿ ಪ್ರತಿ ತುಂಡೂ ತನ್ನ ಜಾಗವನ್ನೇ ತಬ್ಬಿಕೊಂಡು ನಿಂತಿರುತ್ತದೆ. ತೋಳಿನದ್ದು ತೋಳಿಗೆ, ತೊಡೆಯದ್ದು ತೊಡೆಗೆ.

ತೊಡೆಯ ವಿಷಯವನ್ನೇ ನೋಡಿ. ತೊಡೆ ಮೇಲೆ ದಪ್ಪ, ಕೆಳಗೆ ಸಣ್ಣ. ಅದಕ್ಕೆ ಕಟ್ಟಿದ ಯಾವುದೇ ವಸ್ತು ನಡೆದಂತೆಲ್ಲ ಸಣ್ಣ ಕಡೆಗೆ ಜಾರುತ್ತದೆ. ಬಿಗಿ ಮಾಡಿದರೆ ನಿಲ್ಲಲ್ಲ, ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು ಜಾರುತ್ತದೆ. ದಾವಣಗೆರೆ ಕಡೆಯ ಒಬ್ಬ ಇಂಜಿನಿಯರಿಂಗ್ ಹುಡುಗ ಇದನ್ನು ಒಪ್ಪಲೇ ಇಲ್ಲ. ಟ್ರಯಲ್‌ಗೆ ಬಂದಾಗ ಎರಡು ಹೆಜ್ಜೆಗೊಮ್ಮೆ ನಿಂತು ತೊಡೆಯ ಪಟ್ಟಿ ಎಳೆದುಕೊಳ್ಳುತ್ತಿದ್ದ. ಕೊನೆಗೆ ವೆಲ್ಕ್ರೋ ಎಷ್ಟು ಬಿಗಿದ ಅಂದರೆ ಪಾದ ಜೋಮು ಹಿಡಿಯಿತು. ಕೂರಿಸಿ ಬಿಚ್ಚಿದಾಗ ತೊಡೆಯ ಮೇಲೆ ವೆಲ್ಕ್ರೋ ಅಚ್ಚು ಕೆಂಪಗೆ ಬಿದ್ದಿತ್ತು. ಆಗಲೂ ಏನಂದ ಗೊತ್ತಾ? “ಸಾರ್, ಇಲ್ಲೊಂಚೂರು ಸ್ಪಂಜ್...”

ಅವನಿಗೆ ಮಾಡಿಕೊಟ್ಟಿದ್ದು ಇಷ್ಟು. ಸೊಂಟಕ್ಕೆ 2 ಇಂಚು ಅಗಲದ ಬೆಲ್ಟ್, ಪ್ಯಾಂಟಿನ ಬೆಲ್ಟಿಗಿಂತ ಸ್ವಲ್ಪ ಮೇಲೆ, ಮೂಳೆಯ ಮೇಲೆ ಕೂರುವ ಹಾಗೆ. ಅದರಿಂದ ಎರಡೂ ತೊಡೆಯ ತುಂಡುಗಳಿಗೆ ಹೊರಬದಿಯಲ್ಲಿ ಒಂದೊಂದು ಬ್ಯಾಗಿನ ಪಟ್ಟಿ, ಮುಂದೆ ಒಂದೊಂದು. ಬಕಲ್ ಇಟ್ಟು ಉದ್ದ ಹೆಚ್ಚು ಕಮ್ಮಿ ಮಾಡುವಂತೆ ಬಿಟ್ಟೆ. ತೊಡೆಯ ಸುತ್ತ ಕಟ್ಟುತ್ತಿದ್ದ ವೆಲ್ಕ್ರೋವನ್ನು ಎರಡು ಬೆರಳು ಆಡುವಷ್ಟು ಸಡಿಲ ಮಾಡಿದೆ. ಈಗ ಅದರ ಕೆಲಸ ತುಂಡು ತಿರುಗದಂತೆ ನೋಡಿಕೊಳ್ಳೋದು ಮಾತ್ರ. ಹುಡುಗ ಮೆಟ್ಟಿಲು ಹತ್ತಿ ಇಳಿದು ಬಂದ. ಮತ್ತೆ ಸ್ಪಂಜಿನ ಮಾತೆತ್ತಲಿಲ್ಲ.

ಇದು ನಾನು ಕಂಡುಹಿಡಿದ ವಿದ್ಯೆ ಅಲ್ಲ. ಯುರೋಪಿನ ಮಧ್ಯಕಾಲದ ಯೋಧರು ಮೈತುಂಬ ಉಕ್ಕು ಹೊದ್ದುಕೊಂಡು ಓಡಾಡಿದ್ದು ಹೀಗೇ. ಪೂರ್ತಿ ಉಕ್ಕಿನ ಕವಚ ಸಾಮಾನ್ಯವಾಗಿ 15ರಿಂದ 25 ಕಿಲೋ ತೂಗುತ್ತಿತ್ತು. ಅದರಡಿ ಅವರು ಹೊಲಿದ ದಪ್ಪ ಅಂಗಿ ಹಾಕುತ್ತಿದ್ದರು. ಆ ಅಂಗಿಯ ಸೊಂಟದ ಹತ್ತಿರ ಕಸೆಗಳಿರುತ್ತಿದ್ದವು, ಕಾಲಿನ ಕವಚವನ್ನು ಅವುಗಳಿಗೆ ಕಟ್ಟಿ ಇಳಿಬಿಡುತ್ತಿದ್ದರು. ನಮ್ಮ ಫೋಮಿನ ಆರ್ಮರ್ ಅದರ ಕಾಲು ಭಾಗವೂ ತೂಗುವುದಿಲ್ಲ. ಆದರೂ ನಮ್ಮವರು ಸಂಜೆಗೆ ಭುಜ ಹಿಡಿದುಕೊಂಡು ಕೂರುತ್ತಾರೆ.

ಅಷ್ಟು ದೂರ ಯಾಕೆ ಹೋಗಬೇಕು, ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಚೌಕಿಗೆ ಒಂದ್ಸಲ ಹೋಗಿ ಬನ್ನಿ. ಭುಜಕೀರ್ತಿ, ಎದೆಕಟ್ಟು, ಸೊಂಟದ ಆಭರಣ, ಎಲ್ಲವೂ ಹಗುರ ಮರದವು. ಎಲ್ಲವನ್ನೂ ದಾರದಲ್ಲಿ ಕಟ್ಟುತ್ತಾರೆ. ಕಟ್ಟುವ ಮುಂಚೆ ಮೈಗೆ ಬಟ್ಟೆ ಸುತ್ತುವುದನ್ನು ಗಮನಿಸಿ. ಆ ವೇಷದಲ್ಲಿ ಕಲಾವಿದರು ರಾತ್ರಿಯಿಡೀ ಕುಣಿಯುತ್ತಾರೆ, ಮಂಡಿಯ ಮೇಲೆ ಗಿರಕಿ ಹೊಡೆಯುತ್ತಾರೆ. ವೇಷ ಕಟ್ಟುವ ಹಿರಿಯರ ಕೈ ಯಾವ ಗಂಟನ್ನು ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲ ಬಿಡುತ್ತದೆ ಅಂತ ನೋಡುತ್ತಾ ನಿಂತರೆ ಪ್ರಸಂಗ ಶುರುವಾಗಿದ್ದೇ ಗೊತ್ತಾಗಲ್ಲ. ಇರಲಿ.

ಮೈಯ ಮೇಲ್ಭಾಗಕ್ಕೂ ಇದೇ ಲೆಕ್ಕ. ಎದೆ ಮತ್ತು ಬೆನ್ನಿನ ತುಂಡುಗಳನ್ನು ಭುಜದ ಮೇಲೆ ಅಗಲ ಪಟ್ಟಿಯಿಂದ ಸೇರಿಸಿ. ಬೆನ್ನ ಕಡೆ ಪಟ್ಟಿಗಳು ಒಂದರ ಮೇಲೊಂದು ಅಡ್ಡ ಹಾಯಲಿ, ಆಗ ಭುಜದಿಂದ ಜಾರುವುದಿಲ್ಲ. ಭುಜದ ತುಂಡನ್ನು ಎದೆಗೆ ಅಂಟಿಸಬೇಡಿ, ಈ ಪಟ್ಟಿಗೆ ನೇತುಹಾಕಿ. ಕೈ ಎತ್ತಿದಾಗ ಅದು ಜಾರಿ ಮೇಲೆ ಬರಬೇಕು, ಇಳಿಸಿದಾಗ ತಾನಾಗಿ ಕೂರಬೇಕು. ಇಲ್ಲಿ ಮಾತ್ರ ಎಲಾಸ್ಟಿಕ್ ಬೇಕು. ಭಾರ ಹೊರುವ ಕಡೆ ಎಲಾಸ್ಟಿಕ್ ಬೇಡವೇ ಬೇಡ. ಅದು ಬೆವರಿಗೆ, ಎಳೆತಕ್ಕೆ ಸೋಲುತ್ತದೆ. ಬೆಳಿಗ್ಗೆ ಎದೆಯ ಮೇಲಿದ್ದ ತುಂಡು ಮಧ್ಯಾಹ್ನಕ್ಕೆ ಹೊಟ್ಟೆಯ ಮೇಲೆ ಬಂದಿರುತ್ತದೆ. ನೈಲಾನ್ ಪಟ್ಟಿ, ಬಕಲ್, ಟಿಚ್ ಬಟನ್ ಚಿಕ್ಕಪೇಟೆಯಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ, ದುಬಾರಿಯೂ ಅಲ್ಲ.

ಪಟ್ಟಿಯನ್ನು ಅಂಟಿಸುವಾಗ ಒಂದು ಮಾತು. ರಬ್ಬರ್ ಅಂಟು ಹಾಳೆಯ ಉದ್ದಕ್ಕೆ ಎಳೆದರೆ ಚೆನ್ನಾಗಿ ತಡೆಯುತ್ತದೆ, ತುದಿಯಿಂದ ಸುಲಿದರೆ ಬಿಟ್ಟುಕೊಡುತ್ತದೆ. ಆದ್ದರಿಂದ ಪಟ್ಟಿಯನ್ನು ಮೊದಲು ಅಂಗೈ ಅಗಲದ ಗಟ್ಟಿ ಬಟ್ಟೆಗೆ ಹೊಲಿಸಿ, ಆ ಬಟ್ಟೆಯನ್ನು ಫೋಮಿಗೆ ಅಂಟಿಸಿ. ಅಂಟಿನ ಹೊಗೆ ತಲೆ ಸುತ್ತಿಸುತ್ತದೆ, ಕಿಟಕಿ ತೆಗೆದಿಟ್ಟು ಮಾಡಿ.

ಇನ್ನು ಕತ್ತರಿ. ಎಲ್ಲರೂ ಅಳತೆ ಕೊಡೋದು ಕನ್ನಡಿ ಮುಂದೆ ಎದೆ ಉಬ್ಬಿಸಿ ನೇರ ನಿಂತು. ಆದರೆ ಕಾರ್ಯಕ್ರಮಕ್ಕೆ ಹೋದವರು ಆಟೋದಲ್ಲಿ ಕೂರುತ್ತಾರೆ, ಬಗ್ಗುತ್ತಾರೆ, ಸೆಲ್ಫಿಗೆ ಕೈ ಎತ್ತುತ್ತಾರೆ. ಕೂತರೆ ಕತ್ತಿನಿಂದ ತೊಡೆವರೆಗಿನ ಮುಂಭಾಗ ಗಿಡ್ಡವಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ತೊಡೆ ಅಗಲವಾಗುತ್ತದೆ. ಎದೆಯ ತುಂಡು ಹೊಕ್ಕುಳಿನ ಕೆಳಗೆ ಇಳಿದಿದ್ದರೆ ಕೂತ ತಕ್ಷಣ ಅದು ತೊಡೆಗೆ ತಾಗಿ ಮೇಲೇರಿ ಗಂಟಲಿಗೆ ಗುದ್ದುತ್ತದೆ. ಗಂಟಲು ನೋಯುತ್ತೆ ಅಂತ ಕತ್ತಿನ ಹತ್ತಿರ ಸ್ಪಂಜ್ ಹಾಕುವವರಿದ್ದಾರೆ! ತಪ್ಪು ಇರೋದು ಕೆಳಗಿನ ಅಂಚಿನಲ್ಲಿ. ಎದೆಯ ತುಂಡನ್ನು ಪಕ್ಕೆಲುಬಿನ ಹತ್ತಿರ ನಿಲ್ಲಿಸಿ. ಹೊಟ್ಟೆಯದ್ದು ಬೇರೆ ತುಂಡಾಗಲಿ, ಎದೆಯ ಅಡಿಗೆ ಜಾರಿ ಹೋಗಲಿ.

ಒಮ್ಮೆ ಒಬ್ಬ ಹುಡುಗಿ ಟ್ರಯಲ್‌ಗೆ ತಾಯಿಯನ್ನು ಕರೆದುಕೊಂಡು ಬಂದಿದ್ದಳು. ಆಕೆ ಮನೆಯಲ್ಲೇ ಬ್ಲೌಸ್ ಹೊಲಿಯುವವರು. ಮಗಳು ಗನ್ ಹಿಡಿದು ಪೋಸ್ ಕೊಡಲು ಒದ್ದಾಡುತ್ತಿದ್ದಳು, ಕೈ ಮುಂದಕ್ಕೆ ಬರುತ್ತಲೇ ಇರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ ಆ ಅಮ್ಮ ಎದ್ದು ಬಂದರು. ಚಾಕ್‌ಪೀಸ್ ಇಸಕೊಂಡು ಎದೆಯ ತುಂಡಿನ ಕಂಕುಳ ಅಂಚಿಗೆ ಒಂದು ಕಮಾನು ಎಳೆದರು. “ಇಲ್ಲಿ ಬಿಡಿಸ್ಬೇಕಪ್ಪಾ. ಮುಂದಕ್ಕೆ ಜಾಸ್ತಿ, ಹಿಂದಕ್ಕೆ ಕಮ್ಮಿ. ಇಲ್ದಿದ್ರೆ ಕೈ ಹೆಂಗೆ ಬರ್ತದೆ?” ಕತ್ತರಿಸಿದೆವು. ಕೈ ಬಂತು. ನಾನು ಕಾಫಿ ತರಿಸಿದೆ. ಹೊಲಿಗೆ ಗೊತ್ತಿರುವ ಯಾರಾದರೂ ಮನೆಯಲ್ಲಿದ್ದರೆ ಮೊದಲು ಅವರಿಗೆ ತೋರಿಸಿ, ಆಮೇಲೆ ನನಗೆ ಫೋನ್ ಮಾಡಿ.

ಕತ್ತರಿಸುವ ಜಾಗ ಗೊತ್ತಾಗಲು ಅಂಚುಗಳಿಗೆ ಚಾಕ್ ಪುಡಿ ಸವರಿ, ಕಪ್ಪು ಬಟ್ಟೆಯ ಮೇಲೆ ಆರ್ಮರ್ ಹಾಕಿ, ಮನೆಯಲ್ಲಿ ಓಡಾಡಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಏಳಿ, ನೆಲದಿಂದ ಮೊಬೈಲ್ ಎತ್ತಿ. ಬಟ್ಟೆಯ ಮೇಲೆ ಬಿಳಿ ಗೆರೆ ಎಲ್ಲಿ ಬಿತ್ತೋ ಆ ಅಂಚನ್ನು ಅರ್ಧ ಅರ್ಧ ಇಂಚಾಗಿ ಕತ್ತರಿಸಿ. ಒಂದೇ ಸಲ ಜಾಸ್ತಿ ಬೇಡ. ಚಿತ್ರದಲ್ಲಿ ಇರುವ ಹಾಗೆ ಇರಲ್ವಲ್ಲ ಅಂತ ಕೆಲವರು ಅಳುಮೋರೆ ಮಾಡುತ್ತಾರೆ. ಚಿತ್ರದಲ್ಲಿರುವವನು ಟಾಯ್ಲೆಟ್‌ಗೆ ಹೋಗಬೇಕಾಗಿಲ್ಲ, ನೀವು ಹೋಗಬೇಕು.

ಸ್ಪಂಜಿಗೂ ಒಂದು ಜಾಗ ಇದೆ, ತಲೆ. ಹೆಲ್ಮೆಟ್ ಒಳಗೆ ಹಣೆ, ಹಿಂದಲೆ, ಕೆನ್ನೆಗೆ ಪುಟ್ಟ ಪುಟ್ಟ ತುಂಡು ಸಾಕು, ನಡುವೆ ಗಾಳಿಗೆ ದಾರಿ ಇರಲಿ. ಅದಕ್ಕಿಂತ ಒಳ್ಳೆಯದು, ಕಟ್ಟಡದ ಕೆಲಸಗಾರರು ಹಾಕುವ ಹಳದಿ ಹೆಲ್ಮೆಟ್ಟಿನ ಒಳಗಿನ ಪಟ್ಟಿಯನ್ನು ಬಿಚ್ಚಿ ಕೂರಿಸೋದು. ಎಸ್‌ಜೆಪಿ ರೋಡಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಎಸ್‌ಪಿ ರೋಡಿನಿಂದ 5 ವೋಲ್ಟಿನ ಎರಡು ಚಿಕ್ಕ ಫ್ಯಾನ್ ತಂದು ಗಲ್ಲದ ಕಡೆಯಿಂದ ಗಾಳಿ ಎಳೆದು ವೈಸರ್ ಮೇಲೆ ಬಿಡಿ. ಬಿಸಿಗಾಳಿ ಹೋಗಲು ಹಿಂದೆ ಮೇಲ್ಗಡೆ ತೂತು ಇರಲಿ. ಒಂದೇ ಫ್ಯಾನ್ ಹಾಕಿದರೆ ಕೆಲವು ಪವರ್ ಬ್ಯಾಂಕ್‌ಗಳು ಏನೂ ಜೋಡಿಸಿಲ್ಲ ಅಂದುಕೊಂಡು ತಾವೇ ಆಫ್ ಆಗುತ್ತವೆ, ಮನೆಯಲ್ಲೇ ನೋಡಿಕೊಳ್ಳಿ.

ಒಳಗೆ ಹತ್ತಿ ಬನಿಯನ್ ಬದಲು ಆಟಗಾರರು ಹಾಕುವ ಪಾಲಿಯೆಸ್ಟರ್ ಟೀ ಶರ್ಟ್ ಹಾಕಿ, ಬೇಗ ಒಣಗುತ್ತದೆ. ಆರ್ಮರನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಅಂಟು ಮೆತ್ತಗಾಗಿ ಬಿಡುತ್ತದೆ. ತ್ರೀಡಿ ಪ್ರಿಂಟ್ ಮಾಡಿದ ಪಿಎಲ್‌ಎ ಪ್ಲಾಸ್ಟಿಕ್ಕಿನ ತುಂಡುಗಳು 60 ಡಿಗ್ರಿ ಆಸುಪಾಸಿನಲ್ಲಿ ಸೊಟ್ಟಗಾಗುತ್ತವೆ.

ನಾನು ಡಾಕ್ಟರ್ ಅಲ್ಲ, ಆದ್ದರಿಂದ ಇಷ್ಟು ಮಾತ್ರ ಹೇಳಬಲ್ಲೆ. ಬೆರಳು ಜುಮ್ಮೆಂದರೆ, ತೊಡೆಯ ಹೊರಬದಿ ಮರಗಟ್ಟಿದಂತಾದರೆ, ಆ ಕ್ಷಣ ಪಟ್ಟಿ ಸಡಿಲಿಸಿ. ಸೊಂಟದ ಬೆಲ್ಟ್ ಮುಂದೆ ತೊಡೆಸಂದಿಯ ಹತ್ತಿರ ಒತ್ತಿದರೆ ಅಲ್ಲಿನ ನರಕ್ಕೆ ತೊಂದರೆ ಆಗಬಹುದು. ಸಡಿಲಿಸಿದ ಮೇಲೂ ಸರಿಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ತಲೆ ಸುತ್ತು, ವಾಕರಿಕೆ ಬಂದರೆ ಮೊದಲು ಹೆಲ್ಮೆಟ್ ತೆಗೆದು ನೆರಳಲ್ಲಿ ಕೂತು ನೀರು ಕುಡಿಯಿರಿ, ಜೊತೆಯವರಿಗೆ ಹೇಳಿ. ಅಸ್ತಮಾ, ಬಿಪಿ ಇರುವವರು ನನ್ನನ್ನು ಕೇಳುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಒಬ್ಬರೇ ಅಂತೂ ಹೋಗಲೇಬೇಡಿ. ಬೆನ್ನಿನ ಬಕಲ್ ಬಿಚ್ಚಲು ಇನ್ನೊಬ್ಬರ ಕೈ ಬೇಕು.

ಟ್ರಯಲ್‌ಗೆ ಬರುವವರು ಆ ದಿನ ಹಾಕುವ ಶೂ, ಒಳಬಟ್ಟೆ ಎರಡನ್ನೂ ತನ್ನಿ. ಚಪ್ಪಲಿಯಲ್ಲಿ ಬಂದು ಅಳತೆ ಕೊಟ್ಟು, ಆಮೇಲೆ 2 ಇಂಚು ಹಿಮ್ಮಡಿಯ ಬೂಟ್ ಹಾಕಿ ಮೀನಖಂಡದ ತುಂಡು ಮಂಡಿಗೆ ತಾಗುತ್ತೆ ಅಂತ ಫೋನ್ ಮಾಡಬೇಡಿ. ಕಾರ್ಯಕ್ರಮದ ಹಿಂದಿನ ರಾತ್ರಿಯಂತೂ ಬೇಡ.